ಸ್ವಯಂಕೃತ ಋಣ: ಕಿರುಸಾಲವೂ ಬಡಮನೆಯ ಸ್ತ್ರೀಯೂ

ಬಡಕುಟುಂಬದ ಹೆಂಗಸರ ಕೈಗೆ ಅಡವಿಲ್ಲದೆ ಸಣ್ಣ ಮೊತ್ತದ ಸಾಲವನ್ನು ಕೊಟ್ಟರೆ ಅವರು ಸಬಲರಾಗುವರೆಂಬ ಮತವು ಕಳೆದ ನಾಲ್ಕು ದಶಕಗಳಲ್ಲಿ ಅನೇಕ ದೇಶಗಳಿಗೆ ಹರಡಿ, ನಮ್ಮ ನಾಡಿನಲ್ಲಿಯೂ ಬೇರೂರಿದೆ. ಅದನ್ನು ಎತ್ತಿಹಿಡಿದು ಬರೆದವರೂ ಉಂಟು. ಖಂಡಿಸಿ ಬರೆದವರೂ ಉಂಟು. ಎರಡು ಪಕ್ಷಗಳ ಗ್ರಂಥರಾಶಿಯೂ ಈಗ ದೊಡ್ಡದಾಗಿದೆ. ಆ ರಾಶಿಯಿಂದ ಮುಖ್ಯವಾದ ಕೆಲವನ್ನು ಆರಿಸಿಕೊಂಡು, ಅವು ಕೊಟ್ಟ ಉತ್ತರಗಳಿಗಿಂತ ಅವು ಕೇಳಿದ ಪ್ರಶ್ನೆಯು ಸರಿಯಾದುದೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಅದಕ್ಕೆ ಎರಡು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇವೆ. ಒಂದು, ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯ ಋಣಾದಾನ ಪ್ರಕರಣ. ಮತ್ತೊಂದು, ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆ. ಎಂದರೆ ಭೈರುಂಬೆಯಂತಹ ಅಡಕೆಯ ಊರುಗಳುಳ್ಳ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು. ಧರ್ಮಶಾಸ್ತ್ರದ ಒಂದು ವ್ಯಾಖ್ಯಾನಕ್ಕೂ ಇಂದಿನ ವಾರದ ಕಂತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಾಲವನ್ನು ತೀರಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಆ ವ್ಯಾಖ್ಯಾನವು ನೇರವಾಗಿ ಕೇಳಿತು. ಇಂದಿನ ಅಧ್ಯಯನಗಳಲ್ಲಿ ಹೆಚ್ಚಿನವು ಕೇಳಲಿಲ್ಲ. ಇಷ್ಟೇ ಸಂಬಂಧ.

ಮೊದಲು ಶಬ್ದದ ವಿಚಾರ. ‘ಸಬಲೀಕರಣ’ವೆಂಬುದು ಇತ್ತೀಚೆಗೆ ಬಳಕೆಗೆ ಬಂದ ಪದ. ಸಂಸ್ಕೃತ ವ್ಯಾಕರಣದಂತೆ ಅದು ಚ್ವಿ ಪ್ರತ್ಯಯದಿಂದಾದ ರೂಪ. ಮೊದಲು ಹಾಗಿಲ್ಲದುದು ಹಾಗಾಗುವುದೆಂಬ ಅಭೂತತದ್ಭಾವವು ಅದರ ಅರ್ಥ. ‘ಕೃ’ ಧಾತುವು ಸೇರಿರುವುದರಿಂದ ಮಾಡುವವನೊಬ್ಬನು ಬೇಕು, ಮಾಡಿಸಿಕೊಳ್ಳುವವಳೊಬ್ಬಳು ಬೇಕು. ಅಬಲೆಯಾಗಿದ್ದವಳನ್ನು ಬೇರೊಬ್ಬರು ಬಂದು ಸಬಲೆಯನ್ನಾಗಿ ಮಾಡುವರೆಂಬ ಭಾವನೆಯು ಶಬ್ದದ ಒಡಲಲ್ಲಿಯೇ ಅಡಗಿದೆ. ‘ಸ್ವಸಹಾಯ’ವೆಂಬ ಶಬ್ದದಲ್ಲಾದರೋ ಮಾಡುವವಳೂ ಪಡೆಯುವವಳೂ ಒಬ್ಬಳೇ. ಸರ್ಕಾರದ ಮತ್ತು ಸಂಸ್ಥೆಗಳ ವರದಿಗಳು ಈ ಎರಡು ಪದಗಳನ್ನು ಒಂದೇ ವಾಕ್ಯದಲ್ಲಿ, ಒಂದೇ ಅರ್ಥದಲ್ಲಿ ಪ್ರಯೋಗಿಸುವುದುಂಟು. ಹಳ್ಳಿಯ ಮಾತು ಹೆಚ್ಚು ನಿಷ್ಕೃಷ್ಟವಾಗಿದೆ. ತಾವು ಕೂಡಿಟ್ಟುದನ್ನು ‘ಸಂಘದ ದುಡ್ಡು’ ಎಂದೂ, ಹೊರಗಿನಿಂದ ಬಂದು ವಸೂಲು ಮಾಡುವುದನ್ನು ‘ಕಂತು’ ಎಂದೂ ಅಲ್ಲಿ ಬೇರೆಬೇರೆಯಾಗಿ ಹೇಳುತ್ತಾರೆ.

ಈ ಭೇದಕ್ಕೆ ಚರಿತ್ರೆಯ ಆಧಾರವಿದೆ. ಕಿರುಸಾಲದ ಕಥೆಯನ್ನು ಸಾಮಾನ್ಯವಾಗಿ ಬಾಂಗ್ಲಾದೇಶದಿಂದ ಆರಂಭಿಸುತ್ತಾರೆ. ಮುಹಮ್ಮದ್ ಯೂನುಸ್ ಅವರು 1976ರಲ್ಲಿ ಜೋಬ್ರಾ ಎಂಬ ಹಳ್ಳಿಯಲ್ಲಿ ತೊಡಗಿದ ಪ್ರಯೋಗವು 1983ರಲ್ಲಿ ಗ್ರಾಮೀಣ ಬ್ಯಾಂಕಾಗಿ, 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು. ಅಲ್ಲಿಯ ಪದ್ಧತಿಯಲ್ಲಿ ಹೊರಗಿನ ಸಂಸ್ಥೆಯ ಸಾಲವೇ ಮೊದಲು. ಐದೈದು ಜನರ ಗುಂಪು ಅದರ ವಸೂಲಿಗೆ ಸಾಧನ. ಕರ್ನಾಟಕದಲ್ಲಿ ನಡೆದುದು ಬೇರೆ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಕೃಷಿಪತ್ತಿನ ಸಹಕಾರಿ ಸಂಘವನ್ನು ಕಂಡ ನಾಡು ಇದು. ಆ ಸಂಘಗಳು ಭೂಮಿಯುಳ್ಳವರ ಸಂಘಗಳಾಗಿ ಬೆಳೆದುವು. 1984–85ರ ಸುಮಾರಿಗೆ, ಮೈರಾಡ ಸಂಸ್ಥೆಯು ಕೆಲಸಮಾಡುತ್ತಿದ್ದ ಕಡೆಗಳಲ್ಲಿ, ದೊಡ್ಡ ಸಹಕಾರಿ ಸಂಘಗಳು ಒಡೆದಾಗ ಅವುಗಳ ಬಡ ಸದಸ್ಯರು ತಮ್ಮತಮ್ಮಲ್ಲಿ ನಂಬಿಕೆಯಿದ್ದವರನ್ನು ಮಾತ್ರ ಸೇರಿಸಿಕೊಂಡು ಸಣ್ಣ ಗುಂಪುಗಳಾದರು. ಅವರು ಮೊದಲು ಮಾಡಿದುದು ಸಾಲವಲ್ಲ, ಉಳಿತಾಯ. 1987ರಲ್ಲಿ ನಬಾರ್ಡು ಹತ್ತು ಲಕ್ಷ ರೂಪಾಯಿಗಳ ಅನುದಾನದಿಂದ ಈ ಗುಂಪುಗಳಿಗೆ ಒತ್ತಾಸೆ ಕೊಟ್ಟಿತು. 1992ರಲ್ಲಿ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. 2000–01ರಲ್ಲಿ ರಾಜ್ಯ ಸರ್ಕಾರವು ಅಂಗನವಾಡಿಯ ಕಾರ್ಯಕರ್ತೆಯರ ಮೂಲಕ ‘ಸ್ತ್ರೀಶಕ್ತಿ’ ಗುಂಪುಗಳನ್ನು ಕಟ್ಟಿಸಿತು. ಈ ಮಾರ್ಗದ ಪಕ್ಕದಲ್ಲಿಯೇ, ಲಾಭಕ್ಕಾಗಿ ನಡೆಯುವ ಕಿರುಸಾಲದ ಕಂಪನಿಗಳು ಬಾಂಗ್ಲಾ ಪದ್ಧತಿಯನ್ನು ಹಿಡಿದು ಬಂದುವು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ: ಚಾಪೆಯ ಮೇಲೆ ಸಾಲಾಗಿ ಕುಳಿತ ಹೆಂಗಸರು, ನಡುವೆ ಒಂದು ಪುಸ್ತಕ. ಪುಸ್ತಕವು ಯಾರದೆಂಬುದೇ ವ್ಯತ್ಯಾಸ.

ಇನ್ನು ಅಧ್ಯಯನಗಳಿಗೆ ಬರೋಣ. 1996ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಪ್ರಕಟವಾದುವು. ಎರಡೂ ಬಾಂಗ್ಲಾದೇಶವನ್ನು ಕುರಿತವು, ಎರಡರ ನಿರ್ಣಯಗಳೂ ಪರಸ್ಪರ ವಿರುದ್ಧ. ಸೈಯದ್ ಹಾಶೆಮಿ, ಸಿಡ್ನಿ ಶೂಲರ್, ಆನ್ ರೈಲಿ ಎಂಬವರು ಸ್ತ್ರೀಯ ಶಕ್ತಿಯನ್ನು ಎಂಟು ಲಕ್ಷಣಗಳಿಂದ ಅಳೆದರು: ಮನೆಯಿಂದ ಹೊರಗೆ ಓಡಾಡುವುದು, ಆರ್ಥಿಕ ಭದ್ರತೆ, ಸಣ್ಣ ಖರೀದಿ, ದೊಡ್ಡ ಖರೀದಿ, ಮನೆಯ ಮುಖ್ಯ ನಿರ್ಣಯಗಳಲ್ಲಿ ಪಾಲು, ಮನೆಯವರ ದಬ್ಬಾಳಿಕೆಯಿಂದ ಬಿಡುಗಡೆ, ರಾಜಕೀಯ ಮತ್ತು ಕಾನೂನಿನ ತಿಳಿವು, ಸಾರ್ವಜನಿಕ ಪ್ರತಿಭಟನೆಯಲ್ಲಿ ಭಾಗ. ಸಾಲ ಪಡೆದವರಲ್ಲಿ ಈ ಲಕ್ಷಣಗಳು ಹೆಚ್ಚಾಗಿ ಕಂಡುವೆಂದು ಅವರ ಮತ. ಆನ್ ಮೇರಿ ಗೋಯೆಟ್ಸ್ ಮತ್ತು ರೀನಾ ಸೇನ್‌ಗುಪ್ತ ಅವರಾದರೋ ಸಾಲದ ಹಣದ ಜಾಡನ್ನೇ ಹಿಡಿದು ನಡೆದರು. ಹೆಂಗಸಿನ ಹೆಸರಿನಲ್ಲಿ ಬಂದ ಸಾಲವನ್ನು ನಿಜವಾಗಿ ಯಾರು ವಿನಿಯೋಗಿಸಿದರು? ಪೂರ್ಣವಾಗಿ ಅಥವಾ ಗಣನೀಯವಾಗಿ ತನ್ನ ಹಿಡಿತದಲ್ಲಿ ಇಟ್ಟುಕೊಂಡವರು ಶೇಕಡಾ 37ರಷ್ಟು ಮಾತ್ರ. ಉಳಿದವರ ಹಿಡಿತವು ಭಾಗಶಃ, ಅತ್ಯಲ್ಪ, ಅಥವಾ ಶೂನ್ಯ. ಈ ಎರಡನೆಯ ಪ್ರಬಂಧದ ಹೆಸರೇ ಶ್ಲೇಷೆಯುಳ್ಳದು. ಇಂಗ್ಲಿಷಿನಲ್ಲಿ ಸಾಲಕ್ಕೂ ಶ್ರೇಯಸ್ಸಿಗೂ ಒಂದೇ ಪದವಿರುವುದರಿಂದ, ಸಾಲವನ್ನು ಯಾರು ಪಡೆದರು, ಶ್ರೇಯಸ್ಸನ್ನು ಯಾರು ಪಡೆದರು ಎಂದು ಒಟ್ಟಿಗೆ ಕೇಳಿದಂತಾಯಿತು.

ನೈಲಾ ಕಬೀರ್ ಅವರು 2001ರಲ್ಲಿ ಈ ವಿರೋಧವನ್ನೇ ವಿಷಯವನ್ನಾಗಿ ಮಾಡಿಕೊಂಡು ಬರೆದ ವಿಮರ್ಶೆಯು ಈ ಸಾಹಿತ್ಯದಲ್ಲಿ ಅತ್ಯಂತ ಸೂಕ್ಷ್ಮವಾದುದೆಂದು ನಮ್ಮ ಎಣಿಕೆ. ಸಾಲ ಪಡೆದ ಹೆಂಗಸರ ಸ್ವಂತ ಮಾತುಗಳನ್ನು ಆಧಾರವಾಗಿಟ್ಟುಕೊಂಡು, ಒಬ್ಬಳೇ ಹಣದ ಮೇಲೆ ಹಿಡಿತವುಳ್ಳವಳಾಗಿರಬೇಕೆಂಬುದು ಪಂಡಿತರ ಅಪೇಕ್ಷೆಯೇ ಹೊರತು ಆ ಹೆಂಗಸರದಲ್ಲವೆಂದು ಆಕೆ ತೋರಿಸಿದರು. ಗಂಡನ ದುಡಿಮೆಗೆ ಬಂಡವಾಳ ತಂದುಕೊಟ್ಟ ಹೆಂಡತಿಗೆ ಮನೆಯಲ್ಲಿ ಬೆಲೆ ಬಂದರೆ, ಅದನ್ನು ಹಿಡಿತವಿಲ್ಲದ ಸ್ಥಿತಿಯೆಂದು ಎಣಿಸುವುದು ಹೇಗೆ? ಈ ಆಕ್ಷೇಪವು ನ್ಯಾಯವಾದುದು. ಸಂಸಾರವೆಂಬುದು ಎರಡು ಅಂಗಡಿಗಳ ಪೈಪೋಟಿಯಲ್ಲ. ಆದರೆ ಕಬೀರ್ ಅವರ ವಾದವೂ ಹಣವು ಯಾವ ಕಡೆಗೆ ಹೋಯಿತೆಂಬಲ್ಲಿಯೇ ಹೆಚ್ಚಾಗಿ ನಿಂತಿದೆ. ಹಣವು ಹಿಂದಿರುಗುವ ದಾರಿಯನ್ನು ನೋಡಬೇಡವೇ? ಇಲ್ಲಿಯೇ ವಿಜ್ಞಾನೇಶ್ವರನ ಸಹಾಯ ಬೇಕಾಗುವುದು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಹೆಂಡತಿಯ ಋಣವನ್ನು ಕುರಿತು ಮೂರು ನಿಯಮಗಳಿವೆ; ಮಿತಾಕ್ಷರೆಯು ಅವನ್ನು ಬಿಡಿಸಿ ವಿವರಿಸುತ್ತದೆ. ಗಂಡನಾಗಲಿ ಮಗನಾಗಲಿ ಮಾಡಿದ ಸಾಲವನ್ನು ಸ್ತ್ರೀಯು ತೀರಿಸಬೇಕಾದುದಿಲ್ಲ, ಹೆಂಡತಿ ಮಾಡಿದುದನ್ನು ಗಂಡನೂ ತೀರಿಸಬೇಕಾದುದಿಲ್ಲ. ಆದರೆ ಕುಟುಂಬಕ್ಕಾಗಿ ಮಾಡಿದುದಾದರೆ ಈ ವಿನಾಯಿತಿಯಿಲ್ಲ. ಇದು ಮೊದಲನೆಯದು. ದನಗಾಹಿ, ಕಳ್ಳು ಮಾರುವವ, ನಟ, ಅಗಸ, ಬೇಡ ಇವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ತೀರಿಸಬೇಕು, ಏಕೆಂದರೆ ಈ ಮನೆಗಳ ಜೀವನವು ಹೆಂಗಸರನ್ನು ಅವಲಂಬಿಸಿದೆ. ಇದು ಎರಡನೆಯದು. ಮೂರನೆಯದಾಗಿ, ಸ್ತ್ರೀಯು ತೀರಿಸಬೇಕಾದ ಋಣವು ಮೂರು ಬಗೆಯದು ಮಾತ್ರ: ತಾನೇ ಒಪ್ಪಿಕೊಂಡುದು, ಗಂಡನೊಡನೆ ಕೂಡಿ ಮಾಡಿದುದು, ತಾನೇ ಮಾಡಿದುದು, ಎಂದರೆ ಸ್ವಯಂಕೃತವಾದುದು. ಬೇರೆ ಯಾವುದೂ ಅವಳ ಮೇಲೆ ಬೀಳದು.

ಸ್ಮೃತಿಕಾರರನ್ನು ಸ್ತ್ರೀಸ್ವಾತಂತ್ರ್ಯದ ಪಕ್ಷಪಾತಿಗಳೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಅವಳಿಗೆ ಸ್ವಾತಂತ್ರ್ಯವೂ ಸ್ವಂತ ಆಸ್ತಿಯೂ ಅಲ್ಪವೆಂಬ ಕಾರಣದಿಂದಲೇ ಈ ವಿನಾಯಿತಿಗಳು ಹುಟ್ಟಿದುವು. ಅವಳ ಸ್ತ್ರೀಧನವನ್ನೂ ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಈ ನಾಲ್ಕು ಸಂದರ್ಭಗಳಲ್ಲಿ ಗಂಡನು ತೆಗೆದುಕೊಂಡರೆ ಹಿಂದಕ್ಕೆ ಕೊಡಬೇಕಾದುದಿಲ್ಲವೆಂದು ಅದೇ ಸ್ಮೃತಿ ಹೇಳುತ್ತದೆ. ಆದರೂ ವಿಜ್ಞಾನೇಶ್ವರನು ಸ್ತ್ರೀಧನದ ಪರಿಧಿಯನ್ನು ಹಿಗ್ಗಿಸಿ, ದಾಯ, ಕ್ರಯ, ವಿಭಾಗ ಮುಂತಾದವುಗಳಿಂದ ಬಂದುದನ್ನೂ ಅದರಲ್ಲಿ ಸೇರಿಸಿದನೆಂಬುದು ಕನ್ನಡ ನೆಲದಲ್ಲಿ ಹುಟ್ಟಿದ ಶಾಸ್ತ್ರಗ್ರಂಥದ ಒಂದು ಹೆಮ್ಮೆಯೇ ಸರಿ. ನಮಗೆ ಪ್ರಕೃತದಲ್ಲಿ ಬೇಕಾದುದು ಅವನ ವರ್ಗೀಕರಣ. ಸಾಲದ ಸ್ವರೂಪವನ್ನು ಅದನ್ನು ತಂದವರ ಹೆಸರಿನಿಂದಲ್ಲ, ಯಾರಿಗಾಗಿ ತಂದುದು, ಯಾರೊಡನೆ ಕೂಡಿ ತಂದುದು, ಆದುದರಿಂದ ಯಾರು ತೀರಿಸತಕ್ಕದ್ದು ಎಂಬುದರಿಂದ ಅವನು ನಿರ್ಣಯಿಸುತ್ತಾನೆ.

ಈ ಒರೆಗಲ್ಲಿಗೆ ಇಂದಿನ ಕಿರುಸಾಲವನ್ನು ಹಚ್ಚಿದರೆ ಏನು ಕಾಣುತ್ತದೆ? ಕಂಪನಿಯ ಸಾಲವು ಬಹುಮಟ್ಟಿಗೆ ಕುಟುಂಬಾರ್ಥವಾದುದು: ಮನೆಯ ಚಾವಣಿ, ಆಸ್ಪತ್ರೆ, ಮಗಳ ಮದುವೆ, ಗಂಡನ ಆಟೋರಿಕ್ಷಾ, ಹಳೆಯ ಸಾಲದ ತೀರುವಳಿ. ಮಿತಾಕ್ಷರೆಯ ನಿಯಮದಂತೆ ಇಂತಹ ಋಣಕ್ಕೆ ಗಂಡನೂ ಹೊಣೆ. ಇಂದಿನ ಪದ್ಧತಿಯಲ್ಲಿ ಅದು ಒಂದು ರುಜುವಿನಿಂದ ಅವಳ ಸ್ವಯಂಕೃತ ಋಣವಾಗಿ ಮಾರ್ಪಡುತ್ತದೆ. ಅವಳು ತಪ್ಪಿದರೆ ಗುಂಪಿನ ಉಳಿದ ಹೆಂಗಸರ ಮೇಲೆ ಬೀಳುತ್ತದೆ. ಗಂಡನ ಅಥವಾ ಮಗನ ರುಜುವನ್ನೂ ಪಡೆಯುವ ರೂಢಿ ಅನೇಕ ಕಡೆ ಉಂಟು. ಆದರೆ ಆ ರುಜು ಕಾಗದದಲ್ಲಿಯೇ ಉಳಿಯುತ್ತದೆ. ಕಂತಿನ ದಿನ ಸಭೆಗೆ ಬಂದು ಕುಳಿತಿರಬೇಕಾದವಳು ಅವಳು. ನೆರೆಯವರ ಮುಂದೆ ಮುಖ ತಗ್ಗಿಸಬೇಕಾದವಳೂ ಅವಳೇ. ವಿನಿಯೋಗದಲ್ಲಿ ಜಂಟಿ, ಹೊಣೆಯಲ್ಲಿ ಒಂಟಿ. ಕಬೀರ್ ಅವರು ಕಂಡ ದಾಂಪತ್ಯದ ಸಹಭಾಗವು ಸುಳ್ಳಲ್ಲ, ಆದರೆ ಅದು ಅರ್ಧ ದಾರಿಯವರೆಗಿನದು. ಉಳಿದ ಅರ್ಧವನ್ನು ಲಮಿಯಾ ಕರೀಂ ಅವರು 2011ರ ತಮ್ಮ ಗ್ರಂಥದಲ್ಲಿ ಕಾಣಿಸಿದ್ದಾರೆ: ಹೆಂಗಸಿನ ಮಾನವೇ ಇಲ್ಲಿ ಅಡವು. ಅಡವಿಲ್ಲದ ಸಾಲವೆಂಬ ಹೆಸರು ಅಷ್ಟರಮಟ್ಟಿಗೆ ಸುಳ್ಳಾಯಿತು.

ರಿಜರ್ವ್ ಬ್ಯಾಂಕಿನ ನಿಯಮಗಳಲ್ಲಿಯೂ ಇದೇ ಬಿರುಕು ಕಾಣುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿರ್ದೇಶಗಳಂತೆ, ವರ್ಷಕ್ಕೆ ಮೂರು ಲಕ್ಷ ರೂಪಾಯಿಗಳವರೆಗೆ ಆದಾಯವುಳ್ಳ ಕುಟುಂಬಕ್ಕೆ ಅಡವಿಲ್ಲದೆ ಕೊಟ್ಟುದು ಕಿರುಸಾಲ; ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು; ಎಲ್ಲ ಸಾಲಗಳ ಕಂತುಗಳೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಹೀಗೆ ತೀರಿಸುವ ಶಕ್ತಿಯನ್ನು ಎಣಿಸುವಾಗ ಗಂಡನ ದುಡಿಮೆ ಲೆಕ್ಕಕ್ಕೆ ಬರುತ್ತದೆ. ತೀರಿಸುವ ಹೊಣೆಯನ್ನು ಹೊರಿಸುವಾಗ ಆ ದುಡಿಮೆ ಎಲ್ಲಿ ಹೋಯಿತು? ಅವನು ಸಂಬಳವನ್ನು ಮನೆಗೆ ತರದೆ ಹೆಂಡದಂಗಡಿಯಲ್ಲಿ ಕಳೆದರೂ ಕಂತಿನ ಮೊತ್ತವು ಅವನ ಆದಾಯವನ್ನು ಸೇರಿಸಿಯೇ ಲೆಕ್ಕಹಾಕಿದುದಾಗಿರುತ್ತದೆ. ಅರ್ಧವೆಂಬ ಮಿತಿ ಸಾಲ ಕೊಡುವವನ ಹಣಕ್ಕೆ ಕಾವಲಾಗಬಹುದು; ಅವಳಿಗೆ ಅಷ್ಟೇ ಕಾವಲೆಂದು ಹೇಳಲಾರೆವು.

ಈಗ ಘಟ್ಟದ ಮೇಲಿನ ಸೀಮೆಗೆ ಹೋಗೋಣ. ಭೈರುಂಬೆಯ ಸುತ್ತಣ ಊರುಗಳಲ್ಲಿ ಬಾಳು ಅಡಕೆಯ ತೋಟದ ಮೇಲೆ ನಿಂತಿದೆ. ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ ಮತ್ತು ಕೊಟ್ಟಿಗೆ. ಇಲ್ಲಿಯ ಸಹಕಾರಿ ಚಳವಳಿ ಹಳೆಯದು, ಬಲವಾದುದು. ಶಿರಸಿಯ ತೋಟಗಾರರ ಮಾರಾಟ ಸಂಘವು 1923ರಲ್ಲಿ ಸ್ಥಾಪಿತವಾದುದು. ಊರೂರಿನಲ್ಲಿ ಸೇವಾ ಸಹಕಾರಿ ಸಂಘಗಳಿವೆ. ತೋಟದವನು ಬೆಳೆಯನ್ನು ಸಂಘದ ಮೂಲಕ ಮಾರುತ್ತಾನೆ, ಬೆಳೆಯ ಮೇಲೆ ಮುಂಗಡ ಪಡೆಯುತ್ತಾನೆ, ಮನೆಯ ಸಾಮಾನು ಸಹ ಖಾತೆಯ ಮೇಲೆ ಬರುತ್ತದೆ. ದಲ್ಲಾಳಿಯ ಹಿಡಿತದಿಂದ ಬೆಳೆಗಾರನನ್ನು ಬಿಡಿಸಿದ ಈ ಸಂಘಗಳ ಉಪಕಾರವನ್ನು ಯಾರೂ ಮರೆಯಲಾರರು. ಆದರೆ ಸಂಘದ ಬಾಗಿಲಿನ ಬೀಗದ ಕೈ ಪಹಣಿ. ಪಹಣಿಯಲ್ಲಿರುವ ಹೆಸರು ಬಹುಮಟ್ಟಿಗೆ ಮನೆಯ ಯಜಮಾನನದು. ಹೆಣ್ಣುಮಕ್ಕಳಿಗೆ ಅವಿಭಕ್ತ ಆಸ್ತಿಯಲ್ಲಿ ಸಮಪಾಲನ್ನು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರದು. ಕೇಂದ್ರದ ಕಾಯಿದೆ 2005ರದು. ಕಾಯಿದೆಯ ಪುಸ್ತಕದಿಂದ ಪಹಣಿಯ ಕಾಲಮಿಗೆ ಬರುವ ದಾರಿ ಬಲು ದೂರದ್ದು, ತವರಿನೊಡನೆ ಬಾಂಧವ್ಯ ಕೆಡುವುದೆಂಬ ಅಂಜಿಕೆ ಆ ದಾರಿಯಲ್ಲಿ ಅಡ್ಡವಾಗಿ ಮಲಗಿದೆ.

ತೋಟವಿಲ್ಲದವರ ಮಾತು ಬೇರೆ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕುಳಿತು ಅಡಕೆ ಸುಲಿಯುವವರು ಹೆಚ್ಚಾಗಿ ಹೆಂಗಸರು. ಸುಲಿದ ಅಳತೆಯ ಲೆಕ್ಕದಲ್ಲಿ ಕೂಲಿ. ಆ ಕೂಲಿ ಅವರ ಕೈಗೇ ಬರುತ್ತದೆಂಬುದು ಒಂದು ಸಮಾಧಾನ. ಆದರೆ ಸುಲಿತದ ಹಂಗಾಮು ಚಳಿಗಾಲದ ಕೆಲವು ತಿಂಗಳು. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಕೂಲಿಯೂ ತೆಳುವಾಗುತ್ತದೆ. ಯಲ್ಲಾಪುರದ ಕಡೆಯ ಸಿದ್ದಿಯರಲ್ಲಿ ಅನೇಕರು ಕಾಡಿನ ಅಂಚಿನ ಜಮೀನನ್ನು ಹಕ್ಕುಪತ್ರವಿಲ್ಲದೆ ಸಾಗುಮಾಡುತ್ತ ಬಂದವರು. ಆ ಜನಾಂಗಕ್ಕೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. ಅರಣ್ಯಹಕ್ಕಿನ ಕಾಯಿದೆ ಬಂದುದು 2006ರಲ್ಲಿ. ಹಕ್ಕುಪತ್ರವಿಲ್ಲದವನಿಗೆ ಸಹಕಾರಿ ಸಂಘದ ಬೆಳೆಸಾಲವಿಲ್ಲ. ಅವನ ಹೆಂಡತಿಗೆ ಮಾತ್ರ, ಆಧಾರ್ ಕಾರ್ಡೂ ನಾಲ್ಕು ನೆರೆಯವರೂ ಇದ್ದರೆ, ಕಿರುಸಾಲವುಂಟು. ಅವಳು ಸ್ತ್ರೀಯೆಂಬ ಗೌರವದಿಂದ ಸಾಲ ಬಂದಿತೋ, ಅವನಿಗೆ ಭೂಮಿಯಿಲ್ಲವೆಂಬ ಕೊರತೆಯಿಂದ ಬಂದಿತೋ ಎಂಬುದನ್ನು ವಿಚಾರಮಾಡಬೇಕು.

ಒಂದೇ ಊರಿನ ಈ ಎರಡು ಮನೆಗಳ ಸಾಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಭೂಮಿಯುಳ್ಳವನಿಗೆ ಸಹಕಾರಿ ಸಂಘದ ಅಲ್ಪಾವಧಿ ಬೆಳೆಸಾಲವು ಮೂರು ಲಕ್ಷ ರೂಪಾಯಿಗಳವರೆಗೆ ಬಡ್ಡಿಯಿಲ್ಲದೆ ದೊರೆಯುವ ಏರ್ಪಾಡನ್ನು ರಾಜ್ಯ ಸರ್ಕಾರವು ಮಾಡಿತು. 2023ರಲ್ಲಿ ಆ ಮಿತಿಯನ್ನು ಐದು ಲಕ್ಷಕ್ಕೆ ಏರಿಸುವುದಾಗಿ ಸಾರಿತು. ಅದರ ತೀರುವಳಿ ಬೆಳೆ ಮಾರಿದ ಮೇಲೆ, ವರ್ಷಕ್ಕೊಮ್ಮೆ. ಭೂಮಿಯಿಲ್ಲದವಳ ಕಂಪನಿಸಾಲವು ವರ್ಷಕ್ಕೆ ಶೇಕಡಾ 20ಕ್ಕೆ ಮೇಲ್ಪಟ್ಟ ಬಡ್ಡಿಯದು. ತೀರುವಳಿ ವಾರಕ್ಕೋ ತಿಂಗಳಿಗೋ, ಸಾಲ ಬಂದ ಕೆಲವೇ ದಿನಗಳಿಂದ ಆರಂಭ. ಅಡಕೆಯ ಮರವು ವಾರಕ್ಕೊಮ್ಮೆ ಫಲ ಕೊಡುವುದಿಲ್ಲವೆಂಬುದು ಸಹಕಾರಿ ಸಂಘಕ್ಕೆ ತಿಳಿದಿದೆ. ಅಡಕೆ ಸುಲಿಯುವವಳಿಗೂ ವರ್ಷದುದ್ದಕ್ಕೂ ವಾರದ ಕೂಲಿಯಿಲ್ಲವೆಂಬುದು ಕಂಪನಿಯ ಪಟ್ಟಿಗೆ ತಿಳಿಯದು. ಮಳೆಗಾಲದ ಕಂತನ್ನು ತೀರಿಸಲು ಅವಳು ಬರುವ ಹಂಗಾಮಿನ ಕೂಲಿಯ ಮೇಲೆ ತೋಟದವರಲ್ಲಿ ಮುಂಗಡ ಕೇಳಿದರೆ, ಯಾವ ಋಣದಿಂದ ಬಿಡುಗಡೆಯಾಗಬೇಕಾಗಿತ್ತೋ ಅದಕ್ಕೇ ಮರಳಿ ಸಿಕ್ಕಿದಂತಾಯಿತು.

ಹಾಗಾದರೆ ಗುಂಪುಗಳಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಸಾಲದಿಂದ ಬಂದುದಲ್ಲ, ಉಳಿತಾಯದಿಂದ ಬಂದುದು ಎಂಬುದು ನಮ್ಮ ಪಕ್ಷ. ಉದಾಹರಣೆಗೆ, ಹದಿನೈದು ಹೆಂಗಸರು ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ಕೂಡಿಟ್ಟರೆಂದು ಭಾವಿಸೋಣ. ವಾರಕ್ಕೆ 300, ಐವತ್ತೆರಡು ವಾರಗಳಿಗೆ 15,600 ರೂಪಾಯಿ. ಅದನ್ನೇ ತಮ್ಮೊಳಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೊಟ್ಟುಕೊಂಡರೆ ಬಡ್ಡಿ ವರ್ಷಕ್ಕೆ ಶೇಕಡಾ 24 ಆಗುತ್ತದೆ. ದರವು ಕಂಪನಿಯದಕ್ಕಿಂತ ಕಡಮೆಯೇನಲ್ಲ. ಆದರೆ ಆ ಬಡ್ಡಿ ಹೋಗುವುದು ಅವರದೇ ಪೆಟ್ಟಿಗೆಗೆ. ವರ್ಷದ ಕೊನೆಗೆ ಪಾಲಾಗುವುದೂ ಅವರಿಗೇ. ಸಾಲ ಕೇಳಿದವಳ ಮಗುವಿಗೆ ನಿಜವಾಗಿ ಜ್ವರವಿದೆಯೇ, ಮಳೆಗಾಲದಲ್ಲಿ ಅವಳಿಗೆ ಎರಡು ತಿಂಗಳ ಸವಲತ್ತು ಕೊಡಬಹುದೇ ಎಂದು ತೀರ್ಮಾನಿಸುವವರೂ ಅವರೇ. ಕಂತಿನ ಕಾಲವನ್ನು ಹಂಗಾಮಿಗೆ ಹೊಂದಿಸುವ ಅಧಿಕಾರವು ಕೈಯಲ್ಲಿದ್ದರೆ ಅದೇ ದರದ ಸಾಲವು ಬೇರೆ ವಸ್ತುವಾಗುತ್ತದೆ. ಮುಯ್ಯಾಳಿನ ಲೆಕ್ಕವನ್ನು ತಲೆತಲಾಂತರದಿಂದ ಬಾಯಲ್ಲಿಯೇ ಇಟ್ಟುಕೊಂಡು ಬಂದ ಸೀಮೆಗೆ ಇಂತಹ ಲೆಕ್ಕವು ಹೊಸದೂ ಅಲ್ಲ. ಈಗ ಅದು ಪುಸ್ತಕಕ್ಕೆ ಏರಿದೆ, ಹೆಂಗಸರ ಕೈಬರಹದಲ್ಲಿ ಏರಿದೆ.

ಇದಕ್ಕೆ ವಿದ್ವಾಂಸರ ಸಮರ್ಥನೆಯೂ ಇದೆ. ದಕ್ಷಿಣ ಭಾರತದ ಹಳ್ಳಿಗಳನ್ನು ಕುರಿತು 2005ರಲ್ಲಿ ನಥಾಲಿ ಹೋಲ್ವೋಟ್ ಅವರು ಬರೆದ ಪ್ರಬಂಧವನ್ನು ಕಬೀರ್ ಅವರದರಷ್ಟು ಜನ ಓದಿಲ್ಲ; ಓದಬೇಕಾದುದು. ಬ್ಯಾಂಕು ನೇರವಾಗಿ ಹೆಂಗಸಿಗೆ ಕೊಟ್ಟ ಸಾಲದಿಂದ ಮನೆಯ ನಿರ್ಣಯಗಳ ರೀತಿ ಬದಲಾಗಲಿಲ್ಲ, ಗುಂಪಿನ ಮೂಲಕ, ಗುಂಪಿನ ತರಬೇತು ಮತ್ತು ಸಹವಾಸಗಳೊಡನೆ ಬಂದಾಗ ಬದಲಾಯಿತು ಎಂದು ಆಕೆ ಕಂಡರು. ಸಾಲವು ಎರಡು ಕಡೆಗಳಲ್ಲಿಯೂ ಇತ್ತು. ಗುಂಪು ಒಂದು ಕಡೆ ಮಾತ್ರ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರೇಚಲ್ ಗ್ಲೆನರ್ಸ್ಟರ್, ಸಿಂಥಿಯಾ ಕಿನನ್ ಇವರು ಹೈದರಾಬಾದಿನ 104 ಕೇರಿಗಳಲ್ಲಿ ಅರ್ಧವನ್ನು ಚೀಟಿಯೆತ್ತಿದಂತೆ ಆರಿಸಿ, ಅಲ್ಲಿ ಕಂಪನಿಯೊಂದು ಶಾಖೆ ತೆರೆದ ಮೇಲೆ ಉಳಿದರ್ಧದೊಡನೆ ಹೋಲಿಸಿ ನಡೆಸಿದ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದೂಕಾಲು–ಒಂದೂವರೆ ವರ್ಷದ ಬಳಿಕ ನೋಡಿದರೆ, ಸಾಮಾನು ಸರಂಜಾಮುಗಳ ಖರೀದಿ ಹೆಚ್ಚಿತ್ತು, ಚಹಾ, ತಂಬಾಕುಗಳಂತಹವುಗಳ ವೆಚ್ಚ ತಗ್ಗಿತ್ತು. ಸ್ತ್ರೀಯರ ಅಧಿಕಾರದಲ್ಲಿ ಗಣನೀಯವಾದ ಮಾರ್ಪಾಟು ಕಾಣಲಿಲ್ಲ. ಕಿರುಸಾಲದ ಪಕ್ಷದವರು ಕಾಲವು ಸಾಲದೆಂದು ಆಕ್ಷೇಪಿಸಿದರು. ನಮಗೆ ತೋರುವಂತೆ ಕಾಲದ ಕೊರತೆಗಿಂತ ವಸ್ತುವಿನ ಕೊರತೆ ಹೆಚ್ಚಿನದು: ಅಲ್ಲಿ ಪರೀಕ್ಷೆಗೆ ಒಳಗಾದುದು ಸಾಲ, ಗುಂಪಿನ ಉಳಿತಾಯವಲ್ಲ. ಇನ್ನೊಂದು ದಿಕ್ಕಿನ ಸಾಕ್ಷ್ಯವು ಮಧ್ಯಪ್ರದೇಶದಿಂದ ಬಂದಿದೆ. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಉದ್ಯೋಗಖಾತರಿಯ ಕೂಲಿಯನ್ನು ಹೆಂಗಸಿನ ಸ್ವಂತ ಖಾತೆಗೆ ಹಾಕಿ ಅದನ್ನು ಬಳಸುವ ಬಗೆಯನ್ನೂ ಕಲಿಸಿದಾಗ, ಹೊರಗಿನ ದುಡಿಮೆಗೆ ಹೋಗುವವರ ಪ್ರಮಾಣ ಹೆಚ್ಚಿತು. ಅಲ್ಲಿ ಋಣದ ಸೋಂಕೇ ಇಲ್ಲ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟಿನಲ್ಲಿ ಆರಂಭವಾದ ‘ಗೃಹಲಕ್ಷ್ಮಿ’ಯ ತಿಂಗಳ ಎರಡು ಸಾವಿರ ರೂಪಾಯಿಯನ್ನೂ ಈ ದೃಷ್ಟಿಯಿಂದ ಪರೀಕ್ಷಿಸುವವರು ಬೇಕು, ಆ ಹಣವು ಅವಳ ಖಾತೆಗೆ ಬಂದ ದಿನವೇ ಕಂತಿಗೆ ಹೋಗುವುದಾದರೆ, ಕೊಟ್ಟುದು ಯಾರಿಗೆಂದು ಹೇಳುವುದು ಕಷ್ಟ.

ನಮ್ಮ ಪಕ್ಷಕ್ಕೂ ಆಕ್ಷೇಪಗಳಿವೆ. ವಾರಕ್ಕೆ ಇಪ್ಪತ್ತು ರೂಪಾಯಿಯನ್ನೂ ಕೂಡಿಡಲಾರದ ಮನೆಗಳುಂಟು. ಗುಂಪು ಅವರನ್ನು ಸೇರಿಸಿಕೊಳ್ಳದು, ಏಕೆಂದರೆ ನಂಬಿಕೆಯೇ ಅದರ ಬಂಡವಾಳ. ಅಕ್ಷರ ಬಲ್ಲವಳೊಬ್ಬಳೇ ಪುಸ್ತಕ ಬರೆದು, ಅವಳೇ ಅಧ್ಯಕ್ಷೆಯಾಗಿ, ಅವಳ ಬಂಧುಗಳಿಗೇ ಸಾಲ ದೊರೆಯುವುದೂ ಉಂಟು. ಜಾತಿಯಿಂದ ಜಾತಿಗೆ ಬೇರೆ ಗುಂಪಾಗುವುದಂತೂ ಎಲ್ಲರೂ ಕಂಡುದೇ. ಕೊನೆಯದಾಗಿ, ಹದಿನೈದು ಸಾವಿರ ರೂಪಾಯಿಯ ಪೆಟ್ಟಿಗೆಯಿಂದ ಮನೆಯ ಚಾವಣಿ ಏಳದು. ದೊಡ್ಡ ಅವಶ್ಯಕತೆಗೆ ಹೊರಗಿನ ಸಾಲ ಬೇಕೇ ಬೇಕು. ಈ ಕೊನೆಯ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಅದು ಕುಟುಂಬದ ಅವಶ್ಯಕತೆಯಾದರೆ ಕುಟುಂಬದ ಋಣವಾಗಲಿ, ಗಂಡನೊಡನೆ ಕೂಡಿ ಮಾಡಿದುದಾಗಲಿ. ವಸೂಲಿಯ ಸಭೆಗೆ ಇಬ್ಬರೂ ಬರಲಿ. ಹೆಂಗಸು ಸಾಲವನ್ನು ತಪ್ಪದೆ ತೀರಿಸುವಳೆಂಬ ಹೊಗಳಿಕೆಯನ್ನು ಕಿರುಸಾಲದ ಸಾಹಿತ್ಯದಲ್ಲಿ ಪುಟಪುಟಕ್ಕೂ ಓದುತ್ತೇವೆ. ಓಡಿಹೋಗಲು ಅವಳಿಗೆ ಬೇರೆ ಊರಿಲ್ಲವೆಂಬುದನ್ನು ಆ ಪುಟಗಳು ಗುಣವೆಂದು ಬರೆದುಕೊಂಡಿವೆ.

ಹೊಣೆಯ ಪ್ರಶ್ನೆಯನ್ನು ಬಿಟ್ಟ ಫಲವು ಹಲವು ಸಲ ಬಯಲಿಗೆ ಬಂದಿದೆ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳ ಕಡೆ, ಒಬ್ಬಳಿಗೇ ಹಲವು ಕಂಪನಿಗಳು ಸಾಲ ಕೊಟ್ಟಿದ್ದ ಹೊತ್ತಿನಲ್ಲಿ ರೇಷ್ಮೆಯ ಕಸುಬು ಕುಗ್ಗಿದಾಗ, ಕಂತುಗಳು ಒಮ್ಮೆಗೇ ನಿಂತುಹೋದುವು; ಕೋಲಾರದಲ್ಲಿ ಅಂಜುಮನ್ ಸಮಿತಿಯು ಮುಸಲ್ಮಾನ ಸ್ತ್ರೀಯರಿಗೆ ಕಂತು ಕಟ್ಟಬೇಡಿರೆಂದು ಹೇಳಿತು. ಆ ಹೆಂಗಸರ ಪರವಾಗಿ ಮಾತನಾಡಿದವರು ಗಂಡಸರ ಸಮಿತಿ, ಎದುರಿಗೆ ನಿಂತವರು ಗಂಡಸರ ಕಂಪನಿಗಳು; ಸಾಲ ಮಾತ್ರ ಹೆಂಗಸರದು. ಮರುವರ್ಷ ಆಂಧ್ರಪ್ರದೇಶದಲ್ಲಿ ಸುಗ್ರೀವಾಜ್ಞೆ ಹೊರಟಿತು. ಅದರ ಹಿಂದೆಯೇ ಮಾಲೇಗಾಂ ಸಮಿತಿ ವರದಿ ಕೊಟ್ಟು, ಒಬ್ಬ ಸಾಲಗಾರ್ತಿಗೆ ಎರಡಕ್ಕಿಂತ ಹೆಚ್ಚು ಕಂಪನಿಗಳು ಸಾಲ ಕೊಡಬಾರದೆಂದು ಸೂಚಿಸಿತು.

ಹದಿನೈದು ವರ್ಷಗಳ ಮೇಲೆ ಅದೇ ಕಥೆ ಕರ್ನಾಟಕದ ಹಳ್ಳಿಗಳಲ್ಲಿ ಮತ್ತೆ ನಡೆಯಿತು. ವಸೂಲಿಯ ಕಾಟದಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು 2025ರ ಜನವರಿಯಲ್ಲಿ ಸಾಲಾಗಿ ಬಂದ ಮೇಲೆ, ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಸರ್ಕಾರವು ಸಿದ್ಧಪಡಿಸಿತು. ಸಾಲದ ಮಿತಿಗಿಂತ ದಂಡದ ಮೊತ್ತವೇ ಹೆಚ್ಚಾಯಿತೆಂಬ ಆಕ್ಷೇಪದೊಡನೆ ರಾಜ್ಯಪಾಲರು ಮೊದಲು ಹಿಂದಕ್ಕೆ ಕಳುಹಿಸಿ, ಫೆಬ್ರವರಿ 12ರಂದು ಒಪ್ಪಿಗೆಯಿತ್ತರು. ಮಾರ್ಚಿಯಲ್ಲಿ ಶಾಸನಸಭೆಯು ಅದನ್ನು ವಿಧೇಯಕವಾಗಿ ಅಂಗೀಕರಿಸಿತು. ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ನೋಂದಣಿಯಿಲ್ಲದವರು ದುರ್ಬಲ ವರ್ಗಗಳಿಗೆ ಕೊಟ್ಟ ಸಾಲದ ಮನ್ನಾ ಇವು ಅದರ ಮುಖ್ಯ ವಿಧಿಗಳು. ಬಾಗಿಲಿಗೆ ಬಂದು ಬೈಯುವವನನ್ನು ಅದು ತಡೆಯಬಲ್ಲದು. ಆದರೆ ರಿಜರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲಕ್ಕೆ ಆ ಮನ್ನಾ ಅನ್ವಯಿಸದು. ಭೈರುಂಬೆಯ ಕಡೆ ಅಡಕೆ ಸುಲಿಯುವವಳು ತನ್ನ ರುಜುವಿನ ಕಾಗದವನ್ನು ಹಿಡಿದು, ಇದು ಮನೆಯವರೆಲ್ಲರ ಋಣ, ನನ್ನೊಬ್ಬಳದಲ್ಲ ಎಂದು ಹೇಳಿಕೊಳ್ಳುವುದಕ್ಕೆ ವಿಜ್ಞಾನೇಶ್ವರನಲ್ಲಿ ಒಂದು ವಾಕ್ಯವಿತ್ತು. ಈ ಶಾಸನದಲ್ಲಿ ಅಂತಹ ವಾಕ್ಯವಿಲ್ಲ.